ನೋ ಲಿಮಿಟ್‌ನ ಲೆಕ್ಕಪತ್ರ

ಅಜ್ಜ ತೀರಿಕೊಂಡ ಮೇಲೆ ಬಂದ ಪರಿಹಾರದ ಹಣದಲ್ಲಿ ಕ್ಯಾಸೆಟ್ ಅಂಗಡಿ ಇಡುವವರು ಎಷ್ಟು ಜನ ಸಿಗಬಹುದು? ನಮ್ಮ ಕಡೆ ಅಂತೂ ಕಷ್ಟ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಅಂತ ಒಂದೇ ಜಿಲ್ಲೆಯಲ್ಲಿ ಐದು ಬ್ಯಾಂಕು ಹುಟ್ಟಿಸಿದ ಊರಿನವರು ನಾವು. ಚೆಕ್ ಕೈಗೆ ಬಂದ ದಿನವೇ ಎಫ್‌ಡಿ ಆಗಿ ಹೋಗುತ್ತದೆ. ಪರ್ಸಿ ಮಿಲ್ಲರ್ ಹಾಗೆ ಮಾಡಲಿಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಕ್ಯಾಲಿಯೋಪ್ ಪ್ರಾಜೆಕ್ಟ್ಸ್ ಎಂಬ ಸರ್ಕಾರಿ ವಸತಿ ಬಡಾವಣೆಯಲ್ಲಿ ಬೆಳೆದ ಹುಡುಗ. ಅಜ್ಜನ ಸಾವಿನ ಪರಿಹಾರವಾಗಿ ಅವನ ಕೈಗೆ ಬಂದದ್ದು 10,000 ಡಾಲರ್. ಅದನ್ನು ತೆಗೆದುಕೊಂಡು ಹೋಗಿ ಕ್ಯಾಲಿಫೋರ್ನಿಯಾದ ರಿಚ್‌ಮಂಡ್‌ನಲ್ಲಿ ಹಾಡಿನ ಅಂಗಡಿ ತೆರೆದ. ಹೆಸರು ನೋ ಲಿಮಿಟ್. 1990ರ ಸುಮಾರಿನ ಮಾತು. ಅದೇ 1990ರಲ್ಲಿ ಅವನ ತಮ್ಮ ಕೆವಿನ್‌ನನ್ನು ನ್ಯೂ ಆರ್ಲಿಯನ್ಸ್‌ನಲ್ಲಿ ಕೊಂದರು.

ಅಂಗಡಿ ಇಟ್ಟವನಿಗೆ ಒಂದು ಅನುಕೂಲ ಉಂಟು. ಯಾರು ಬರುತ್ತಾರೆ, ಏನು ಕೇಳುತ್ತಾರೆ, ಯಾವ ಕ್ಯಾಸೆಟ್ ವಾರಗಟ್ಟಲೆ ಹಾಗೇ ಬಿದ್ದಿರುತ್ತದೆ ಅನ್ನುವುದು ಅವನ ಕಣ್ಣೆದುರೇ ನಡೆಯುತ್ತದೆ. ರೇಡಿಯೋದಲ್ಲಿ ಬರದ ಹಾಡನ್ನೂ ಜನ ಹುಡುಕಿಕೊಂಡು ಬರುತ್ತಾರೆ ಅಂತ ಗೊತ್ತಾದ ಮಿಲ್ಲರ್, ಮಾಸ್ಟರ್ ಪಿ ಅಂತ ಹೆಸರಿಟ್ಟುಕೊಂಡು ತಾನೇ ರಾಪ್ ಮಾಡಿದ, ಅಂಗಡಿಯ ಹೆಸರನ್ನೇ ಲೇಬಲ್ಲಿಗೂ, ಅಂದರೆ ಹಾಡು ಮಾಡಿಸಿ ಮಾರುವ ಕಂಪನಿಗೂ, ಇಟ್ಟ, ಕಾರಿನ ಡಿಕ್ಕಿಯಲ್ಲಿ ಕ್ಯಾಸೆಟ್ ತುಂಬಿಸಿಕೊಂಡು ಊರೂರು ಸುತ್ತಿ ಮಾರಿದ. ಇದು ಯಾವ ಸಾಧಕರ ಕಥೆಯಲ್ಲೂ ಬರುವ ಭಾಗ, ಇಲ್ಲಿ ಜಾಸ್ತಿ ನಿಲ್ಲುವುದಿಲ್ಲ. ನನಗೆ ಬೇಕಾದದ್ದು ಮುಂದಿನದ್ದು.

ಹೇಳಿಬಿಡುತ್ತೇನೆ, ನಾನು ರಾಪ್ ಕೇಳಿ ಬೆಳೆದವಳಲ್ಲ. ಮಂಗಳೂರಿನ ಕೊಡಿಯಾಲ್‌ಬೈಲಿನ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ. ಜಿಎಸ್‌ಟಿ ರಿಟರ್ನ್, ಬ್ಯಾಲೆನ್ಸ್ ಶೀಟ್, ಪಾರ್ಟ್‌ನರ್‌ಶಿಪ್ ಡೀಡ್, ಇದೇ ನನ್ನ ಪ್ರಪಂಚ. ಅಕ್ಕನ ಮಗ ಸುರತ್ಕಲ್ ಕಡೆ ಒಂದಿಷ್ಟು ಹುಡುಗರ ಜೊತೆ ಸೇರಿ ತುಳು ಮತ್ತು ಕನ್ನಡದಲ್ಲಿ ರಾಪ್ ಮಾಡುತ್ತಾನೆ. ಕಳೆದ ಮಳೆಗಾಲದಲ್ಲಿ ಮನೆಗೆ ಬಂದು, "ಚಿಕ್ಕಮ್ಮ, ನಾವೊಂದು ಲೇಬಲ್ ಶುರು ಮಾಡ್ತೇವೆ, ಪೇಪರ್ ಕೆಲಸ ಎಲ್ಲ ನೀವೇ ನೋಡಿ ಕೊಡ್ಬೇಕು" ಅಂದ. ಲೇಬಲ್ಲಿಗೆ ಹೆಸರು ರೆಡಿ ಇತ್ತು. ಲೋಗೋ ರೆಡಿ ಇತ್ತು. ಇನ್‌ಸ್ಟಾಗ್ರಾಮ್ ಪೇಜ್ ಕೂಡ ಆಗಿತ್ತು. ಯಾರದ್ದು ಎಷ್ಟು ಪಾಲು ಅಂತ ಕೇಳಿದೆ. "ಅದೆಲ್ಲ ಆಮೇಲೆ ನೋಡುವ. ನಾವೆಲ್ಲ ಫ್ರೆಂಡ್ಸ್ ಅಲ್ವಾ?"

ಈ ಮಾತನ್ನು ನಾನು ಆಫೀಸಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಹೋಟೆಲ್ ಇಡುವವರು, ಬೋಟ್ ತೆಗೆದುಕೊಳ್ಳುವವರು, ಗೋಡಂಬಿ ವ್ಯಾಪಾರದವರು, ಎಲ್ಲರೂ ಹೇಳುತ್ತಾರೆ. ಆಮೇಲೆ ಅವರಲ್ಲಿ ಅರ್ಧ ಜನ ಬೇರೆ ಬೇರೆ ಹೊತ್ತಿನಲ್ಲಿ ಒಬ್ಬೊಬ್ಬರೇ ಬಂದು ಕೂರುತ್ತಾರೆ. ಹಾಡಿನ ವ್ಯಾಪಾರದಲ್ಲಿ ಇದು ಹೇಗೆ ನಡೆಯುತ್ತದೆ ಅಂತ ನೋಡೋಣ ಅಂತ ಓದಲು ಕೂತೆ. ರಾಪರ್‌ಗಳೇ ಕಟ್ಟಿದ ಲೇಬಲ್‌ಗಳ ಕಥೆ ಹುಡುಕುತ್ತಾ ಹೋದರೆ ಎಲ್ಲಕ್ಕಿಂತ ಹೆಚ್ಚು ಹಿಡಿದು ಕೂರಿಸಿದ್ದು ನೋ ಲಿಮಿಟ್. ಯಾಕೆಂದರೆ ಮಾಸ್ಟರ್ ಪಿ ಲೆಕ್ಕ ಗೊತ್ತಿದ್ದ ಮನುಷ್ಯ. ಲೆಕ್ಕ ಗೊತ್ತಿಲ್ಲದೆ ಮುಳುಗಿದವರ ಕಥೆ ನನಗೆ ಹೊಸದಲ್ಲ. ಗೊತ್ತಿದ್ದವನೂ ಯಾಕೆ ಮುಳುಗಿದ ಅನ್ನುವುದು ಬೇರೆ ವಿಷಯ.

ಮೊದಲು ಸಾಮಾನ್ಯ ರೆಕಾರ್ಡ್ ಕರಾರು ಹೇಗಿರುತ್ತದೆ ನೋಡಿ. ಕಂಪನಿ ಕಲಾವಿದನಿಗೆ ಅಡ್ವಾನ್ಸ್ ಕೊಡುತ್ತದೆ. ಅದು ಬಹುಮಾನ ಅಲ್ಲ, ಅವನ ರಾಯಲ್ಟಿಯಲ್ಲಿ ಮುರಿದುಕೊಳ್ಳುವ ಹಣ. ಸುಮ್ನೆ ಒಂದು ಲೆಕ್ಕ ಹಾಕುವ. ಅಡ್ವಾನ್ಸ್ 10 ಲಕ್ಷ ರೂಪಾಯಿ, ರಾಯಲ್ಟಿ ನೂರಕ್ಕೆ 15 ಅಂತ ಇಟ್ಟುಕೊಳ್ಳಿ. ಕಂಪನಿಗೆ 100 ರೂಪಾಯಿ ಬಂದಾಗ 15 ರೂಪಾಯಿ ಕಲಾವಿದನ ಸಾಲಕ್ಕೆ ಜಮೆ ಆಗುತ್ತದೆ, ಉಳಿದ 85 ಕಂಪನಿಯದ್ದೇ. ಅಂದರೆ ಹೆಚ್ಚುಕಡಿಮೆ 67 ಲಕ್ಷ ಬಂದ ಮೇಲೆ ಕಲಾವಿದನಿಗೆ ಅಡ್ವಾನ್ಸ್ ಬಿಟ್ಟು ಮೊದಲ ರೂಪಾಯಿ ಸಿಗುವುದು. ಅಷ್ಟರಲ್ಲಿ ಕಂಪನಿ 57 ಲಕ್ಷ ತೆಗೆದುಕೊಂಡಾಗಿದೆ. ಸ್ಟುಡಿಯೋ ಖರ್ಚು, ವಿಡಿಯೋ ಖರ್ಚಿನ ಭಾಗವನ್ನೂ ಅವನ ಲೆಕ್ಕಕ್ಕೇ ಬರೆದರೆ ಇನ್ನೂ ದೂರ. ಇಷ್ಟೆಲ್ಲ ಆಗಿ ಸಾಲ ತೀರಿದರೂ ಮಾಸ್ಟರ್, ಅಂದರೆ ಮೂಲ ಧ್ವನಿಮುದ್ರಣ, ಕಂಪನಿಯ ಹೆಸರಿನಲ್ಲೇ ಉಳಿಯುತ್ತದೆ. ಬ್ಯಾಂಕಿನ ಹೋಮ್ ಲೋನ್ ತೀರಿಸಿದರೆ ಮನೆಯ ದಾಖಲೆಯಾದರೂ ವಾಪಸ್ ಬರುತ್ತದೆ ಮಾರಾಯ್ರೇ.

ಒಂದು ದೊಡ್ಡ ಕಂಪನಿ 10 ಲಕ್ಷ ಡಾಲರ್ ಮುಂದಿಟ್ಟಾಗ ಬೇಡ ಅಂದೆ ಎಂದು ಮಾಸ್ಟರ್ ಪಿ ಎಷ್ಟೋ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾನೆ. ಬದಲಿಗೆ ಅವನು 90ರ ದಶಕದ ಮಧ್ಯದಲ್ಲಿ ಪ್ರಯಾರಿಟಿ ರೆಕಾರ್ಡ್ಸ್ ಜೊತೆ ವಿತರಣೆಯ ಕರಾರು ಮಾಡಿಕೊಂಡ. ರೆಕಾರ್ಡಿಂಗ್ ಖರ್ಚು ನನ್ನದು, ಮಾಸ್ಟರ್ ನನ್ನದು, ನೀವು ಪ್ರಿಂಟ್ ಹಾಕಿ ಅಂಗಡಿಗಳಿಗೆ ತಲುಪಿಸಿ, ಅದಕ್ಕೆ ನಿಮ್ಮ ಪಾಲು ತೆಗೆದುಕೊಳ್ಳಿ. ಅವನು ಹೇಳುವ ಲೆಕ್ಕದಲ್ಲಿ ನೂರಕ್ಕೆ 85 ಅವನದ್ದು, 15 ಪ್ರಯಾರಿಟಿಯದ್ದು. ಮೇಲಿನ ಲೆಕ್ಕ ಪೂರ್ತಿ ತಿರುಗಿ ನಿಂತಿತು, ನೋಡಿ. ಇದನ್ನು ಓದಿದಾಗ ರಾತ್ರಿ ಊಟಕ್ಕೆ ಕೂತಲ್ಲೇ ಗಂಡನಿಗೆ ವಿವರಿಸಲು ಹೋದೆ. ಅವರಿಗೆ ಕ್ರಿಕೆಟ್ ನೋಡಬೇಕಿತ್ತು.

ಈ ಕರಾರಿನಿಂದ ಒಂದು ಪರಿಣಾಮ ಆಯಿತು. ಮಾರಿದ ಪ್ರತಿ ಸಿಡಿಯಲ್ಲೂ ದೊಡ್ಡ ಪಾಲು ಸಿಗುವುದಾದರೆ ಒಂದು ಆಲ್ಬಂ ಭಾರೀ ಹಿಟ್ ಆಗಬೇಕಾಗಿಲ್ಲ. ಸಾಧಾರಣ ಓಡುವ ಆಲ್ಬಂಗಳು ಬೇಕಾದಷ್ಟು ಇದ್ದರೆ ಸಾಕು. ಹಾಗಾಗಿ ನೋ ಲಿಮಿಟ್ ಆಲ್ಬಂ ತಯಾರಿಸುವ ಕಾರ್ಖಾನೆಯೇ ಆಗಿಬಿಟ್ಟಿತು. 1998 ಒಂದೇ ವರ್ಷದಲ್ಲಿ 20ಕ್ಕೂ ಹೆಚ್ಚು ಆಲ್ಬಂ. ಒಂದರಲ್ಲಿ 20 ಹಾಡು. ಮುಖಪುಟಗಳನ್ನು ಮಾಡುತ್ತಿದ್ದುದು ಹ್ಯೂಸ್ಟನ್‌ನ ಪೆನ್ ಅಂಡ್ ಪಿಕ್ಸೆಲ್ ಎಂಬ ಡಿಸೈನ್ ಕಂಪನಿ. ವಜ್ರ, ಚಿನ್ನದ ಅಕ್ಷರ, ಕಾರು, ಹೊಗೆ, ಎಲ್ಲವೂ ಒಂದೇ ಚಿತ್ರದಲ್ಲಿ. ನಮ್ಮ ಊರಿನ ಸ್ವಾಗತ ಫ್ಲೆಕ್ಸ್ ಮಾಡುವವರು ಅವನ್ನು ನೋಡಿದರೆ ಖುಷಿಪಟ್ಟಾರು. ಸಿಡಿಯ ಒಳಗಿನ ಪುಸ್ತಕದಲ್ಲಿ ಮುಂದೆ ಬರುವ ಆಲ್ಬಂಗಳ ಮುಖಪುಟಗಳನ್ನೇ ಜಾಹೀರಾತಾಗಿ ಹಾಕುತ್ತಿದ್ದರು. ಒಂದು ಕೊಂಡವನಿಗೆ ಮುಂದಿನದ್ದು ಯಾವುದು ಅಂತ ಮೊದಲೇ ಗೊತ್ತು. ಎಲ್ಲದರ ಮೇಲೂ ಯುದ್ಧದ ಟ್ಯಾಂಕಿನ ಲೋಗೋ. ಕಲಾವಿದ ಯಾರೇ ಇರಲಿ, ಜನ ಟ್ಯಾಂಕ್ ನೋಡಿ ಕೊಳ್ಳುತ್ತಿದ್ದರು.

ಸಂಗೀತದ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಅರ್ಧದಷ್ಟನ್ನು ತೆಗೆದುಹಾಕಬಹುದಿತ್ತು. ಮಿಸ್ಟಿಕಲ್ ಎಂಬವನ ಗಂಟಲು ಮಾತ್ರ ಬೇರೆಯೇ, ಅವನು ಶುರು ಮಾಡಿದರೆ ಚಹಾ ಲೋಟ ಕೆಳಗಿಡಬೇಕು. ಮಾಸ್ಟರ್ ಪಿ ಸ್ವತಃ ದೊಡ್ಡ ರಾಪರ್ ಅಲ್ಲ. ತಾಳಕ್ಕೆ ಸ್ವಲ್ಪ ಹಿಂದೆಮುಂದೆ ಆಗುತ್ತಾನೆ, ನರಳಿದ ಹಾಗೆ ಒಂದು ಸದ್ದು ಮಾಡುತ್ತಾನೆ, ಜನ ಅದಕ್ಕೇ ಕುಣಿಯುತ್ತಾರೆ. ಅಕ್ಕನ ಮಗ ಇದನ್ನು ಒಪ್ಪುವುದಿಲ್ಲ.

ಆದರೂ ಸಂಖ್ಯೆಗಳು ಸಂಖ್ಯೆಗಳೇ. 1997ರಲ್ಲಿ ಅವನ ಆಲ್ಬಂ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಬಂತು. 1998ರಲ್ಲಿ ಮತ್ತೊಂದು. ಅದೇ ವರ್ಷ ಸ್ನೂಪ್ ಡಾಗ್ ಎಂಬ ರಾಪರ್ ಡೆತ್ ರೋ ಎಂಬ ಲೇಬಲ್‌ನಿಂದ ಬಿಡಿಸಿಕೊಂಡು ಇಲ್ಲಿಗೆ ಬಂದ. ಡೆತ್ ರೋ ಆಗ ಕುಸಿಯುತ್ತಿತ್ತು. ಅದನ್ನು ಕಟ್ಟಿದವರಲ್ಲಿ ಒಬ್ಬನಾದ ಡಾ. ಡ್ರೇ 1996ರಲ್ಲೇ ಬಿಟ್ಟಿದ್ದ, ಯಜಮಾನ ಶುಗ್ ನೈಟ್ ಜೈಲಿನಲ್ಲಿದ್ದ. ನೋ ಲಿಮಿಟ್‌ನಲ್ಲಿ ಸ್ನೂಪ್‌ನ ಮೊದಲ ಆಲ್ಬಂ ಮೊದಲ ವಾರವೇ 5 ಲಕ್ಷ ದಾಟಿ ಮಾರಾಟ ಆಯಿತು. ವಿಮರ್ಶಕರಿಗೆ ಇಷ್ಟವಾಗಲಿಲ್ಲ, ಅದು ಬೇರೆ. 1998ರ ಫೋರ್ಬ್ಸ್ ಪಟ್ಟಿ ಮಾಸ್ಟರ್ ಪಿಯ ಗಳಿಕೆಯನ್ನು 5.65 ಕೋಟಿ ಡಾಲರ್ ಎಂದು ಲೆಕ್ಕ ಹಾಕಿ, ಮನರಂಜನೆ ಕ್ಷೇತ್ರದಲ್ಲಿ 10ನೇ ಸ್ಥಾನ ಕೊಟ್ಟಿತು. 10,000 ಡಾಲರಿನಿಂದ ಅಲ್ಲಿಗೆ, ಹತ್ತು ವರ್ಷವೂ ಆಗಿರಲಿಲ್ಲ.

ದುಡ್ಡು ಬಂದಾಗ ಮನುಷ್ಯನಿಗೆ ಎಲ್ಲವೂ ಸಾಧ್ಯ ಅನ್ನಿಸುತ್ತದೆ. ಸಿನಿಮಾ ಮಾಡಿದ. ಮೊದಲನೆಯದ್ದನ್ನು ಥಿಯೇಟರಿಗೇ ಕೊಡದೆ ನೇರ ವಿಡಿಯೋ ಕ್ಯಾಸೆಟ್ಟಿನಲ್ಲಿ ಬಿಟ್ಟು ಅದರಲ್ಲೂ ದುಡ್ಡು ಮಾಡಿದ. ಬಟ್ಟೆ, ಫೋನ್, ಬೊಂಬೆ. ಷಾರ್ಲೆಟ್ ಹಾರ್ನೆಟ್ಸ್ ಮತ್ತು ಟೊರಾಂಟೊ ರಾಪ್ಟರ್ಸ್ ತಂಡಗಳಲ್ಲಿ ಬಾಸ್ಕೆಟ್‌ಬಾಲ್ ಆಡಲು ತಾನೇ ಪ್ರಯತ್ನಪಟ್ಟ, ಇದನ್ನು ನಾನು ಎರಡೆರಡು ಸಲ ಓದಿ ನೋಡಿದೆ, ನಿಜ. ಆಟಗಾರರ ಪರವಾಗಿ ಕರಾರು ಮಾತಾಡುವ ಕಂಪನಿಯನ್ನೂ ತೆರೆದ. 1999ರಲ್ಲಿ ರಿಕಿ ವಿಲಿಯಮ್ಸ್ ಎಂಬ ಹೊಸ ಅಮೆರಿಕನ್ ಫುಟ್‌ಬಾಲ್ ಆಟಗಾರನಿಗೆ ಆ ಕಂಪನಿ ಮಾಡಿಸಿಕೊಟ್ಟ ಕರಾರು ಇವತ್ತಿಗೂ ಹೀಗೆ ಮಾಡಬಾರದು ಅನ್ನುವುದಕ್ಕೆ ಉದಾಹರಣೆ. ಖಚಿತ ಸಂಬಳ ಕಡಿಮೆ, ಉಳಿದದ್ದೆಲ್ಲ ಇಷ್ಟು ಓಡಿದರೆ ಇಷ್ಟು, ಅಷ್ಟು ಗೆದ್ದರೆ ಅಷ್ಟು ಅಂತ. ತನಗೆ ಬೇಕಾದ ಕರಾರನ್ನು ಅಷ್ಟು ಚೆನ್ನಾಗಿ ಮಾಡಿಕೊಂಡವನ ಆಫೀಸಿನಿಂದ ಇಂಥ ಕರಾರು ಹೊರಬಂತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆ ಆಲ್ಬಂಗಳಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಮಾಡಿದ್ದು ಒಂದೇ ತಂಡ. ಹೆಸರು ಬೀಟ್ಸ್ ಬೈ ದ ಪೌಂಡ್. ಕೆಎಲ್‌ಸಿ, ಮೋ ಬಿ. ಡಿಕ್, ಕ್ರೇಗ್ ಬಿ, ಓಡೆಲ್ ಅಂತ ನಾಲ್ವರು ಮುಖ್ಯರು. ಬೀಟ್ ಅಂದರೆ ರಾಪ್‌ನ ಹಿಂದಿನ ಸಂಗೀತ ಕಟ್ಟುವುದು, ಕೋರಸ್ ಹಾಡುವುದು, ಮಿಕ್ಸ್ ಮಾಡುವುದು, ಹಗಲೂ ರಾತ್ರಿ ಇವರೇ. ನ್ಯೂ ಆರ್ಲಿಯನ್ಸ್‌ನ ಬೀದಿ ಬ್ಯಾಂಡುಗಳ ಡ್ರಮ್ ಇವರ ಬೀಟ್‌ನಲ್ಲಿತ್ತು. ಟ್ಯಾಂಕ್ ನೋಡಿ ಕೊಂಡವರಿಗೆ ಮನೆಯಲ್ಲಿ ಕೇಳಿಸುತ್ತಿದ್ದುದು ಈ ನಾಲ್ವರ ಕೆಲಸ. 1999ರಲ್ಲಿ ಹಣ ಮತ್ತು ಕರಾರಿನ ವಿಷಯದಲ್ಲಿ ಹೊಂದಾಣಿಕೆ ಆಗದೆ ಅವರು ಹೊರಟರು. ಮೆಡಿಸಿನ್ ಮೆನ್ ಅಂತ ಬೇರೆ ಹೆಸರಿಟ್ಟುಕೊಂಡರು. ಅಲ್ಲಿಂದ ನೋ ಲಿಮಿಟ್ ಇಳಿಯತೊಡಗಿತು. ಒಂದೇ ದಿನದಲ್ಲಿ ಅಲ್ಲ. ಆಲ್ಬಂಗಳು ಬರುತ್ತಲೇ ಇದ್ದವು, ಟ್ಯಾಂಕ್ ಅದೇ, ಫೋಟೋ ಅದೇ, ಒಳಗಿನ ಸದ್ದು ಮಾತ್ರ ಬೇರೆ. ಕೇಳುವವರಿಗೆ ಗೊತ್ತಾಗುವುದಿಲ್ಲವಾ? ಗೊತ್ತಾಯಿತು.

ಇದನ್ನು ನಮ್ಮ ಕಡೆಯವರಿಗೆ ವಿವರಿಸಲು ಯಕ್ಷಗಾನ ಮೇಳಕ್ಕಿಂತ ಒಳ್ಳೆಯ ದಾರಿ ಇಲ್ಲ. ಮೇಳಕ್ಕೆ ಯಜಮಾನರು ಇರುತ್ತಾರೆ. ವೇಷಧಾರಿಗಳಿಗೆ ಸಂಬಳ, ಮುಂಗಡ ಎಲ್ಲ ಅವರೇ ನೋಡುವುದು. ಬೋರ್ಡಿನಲ್ಲಿ ಮೇಳದ ಹೆಸರು, ಕರಪತ್ರದಲ್ಲಿ ವೇಷಧಾರಿಗಳ ಫೋಟೋ. ಆದರೆ ಆಟ ನಡೆಸುವವರು ಭಾಗವತರು. ಯಾವ ಪದ ಎಷ್ಟು ಎಳೆಯಬೇಕು, ಯಾರ ಪ್ರವೇಶಕ್ಕೆ ಎಷ್ಟು ಕುಣಿತ, ಎಲ್ಲಿ ಮುಗಿಸಬೇಕು, ಎಲ್ಲ ಅವರ ಕೈಯಲ್ಲಿ. ತಿರುಗಾಟ ಮುಗಿಯುವ ಪತ್ತನಾಜೆ ದಿನ ಮೇಳ ಗೆಜ್ಜೆ ಬಿಚ್ಚುತ್ತದೆ, ಮುಂದಿನ ತಿರುಗಾಟಕ್ಕೆ ಯಾರು ಯಾವ ಮೇಳ ಅನ್ನುವ ಸುದ್ದಿ ಊರೆಲ್ಲ ಓಡಾಡುತ್ತದೆ. ಒಳ್ಳೆಯ ಭಾಗವತರು, ಜೊತೆಗೆ ಮದ್ದಳೆ ಚೆಂಡೆಯವರು ಒಟ್ಟಿಗೆ ಮೇಳ ಬಿಟ್ಟರು ಅಂದರೆ, ವೇಷಧಾರಿಗಳು ಎಲ್ಲರೂ ಉಳಿದರೂ, ಆ ವರ್ಷದ ಆಟ ಅದೇ ಆಟ ಆಗಿರುವುದಿಲ್ಲ. ಪ್ರೇಕ್ಷಕರು ಅರ್ಧ ರಾತ್ರಿಗೆ ಎದ್ದು ಹೋಗುತ್ತಾರೆ. ವೇಷಧಾರಿಯೇ ಮೇಳ ಕಟ್ಟಿದ್ದೂ ನಮ್ಮಲ್ಲಿ ಉಂಟು. ಹೊನ್ನಾವರ ಕಡೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಮಗ, ಮೊಮ್ಮಗನ ಕಾಲಕ್ಕೂ ಉಳಿದು ಬಂತು. ಹಾಗಾಗಿ ಕಲಾವಿದ ಯಜಮಾನ ಆಗಬಾರದು ಅಂತ ನಾನು ಹೇಳುತ್ತಿಲ್ಲ. ಯಜಮಾನ ಆದ ಕೂಡಲೇ ವೇಷಧಾರಿಗೆ ಹಿಮ್ಮೇಳದ ಬೆಲೆ ಮರೆತು ಹೋಗುತ್ತದಲ್ಲ, ತಕರಾರು ಅಲ್ಲಿ.

ಮಾಸ್ಟರ್ ಪಿ ವಿಷಯದಲ್ಲಿ ನನಗೆ ಕಾಣುವುದು ಇದೇ. ಪ್ರಯಾರಿಟಿಯ ಎದುರು ಕೂತಾಗ, ಕೆಲಸ ನನ್ನದು ಅಂದ ಮೇಲೆ ಮಾಸ್ಟರ್ ನನ್ನದೇ ಅಂತ ಹಟ ಹಿಡಿದ. ಸರಿಯೇ. ಅದೇ ಮಾತನ್ನು ಕೆಎಲ್‌ಸಿ ಮತ್ತು ಜೊತೆಯವರು ಅವನ ಎದುರು ಹೇಳಬಹುದಿತ್ತಲ್ಲ? ಮೇಲಿನವರ ಜೊತೆ ಜಗಳಾಡಿ ತಾನು ಗೆದ್ದದ್ದನ್ನು ಕೆಳಗಿನವರಿಗೆ ಕೊಡಲಿಲ್ಲ. ಅವನ ಕಡೆಯಿಂದ ನೋಡಿದರೆ ರಿಸ್ಕ್ ಪೂರ್ತಿ ಅವನದ್ದು, ಮೊದಲ ಹಣ ಅವನದ್ದು, ಡಿಕ್ಕಿಯಿಂದ ಕ್ಯಾಸೆಟ್ ಮಾರಿದವನೂ ಅವನೇ. ಎಲ್ಲ ಯಜಮಾನರೂ ಇದನ್ನೇ ಹೇಳುತ್ತಾರೆ, ಮತ್ತೆ ಅದರಲ್ಲಿ ಸುಳ್ಳೂ ಇರುವುದಿಲ್ಲ. ಅದಕ್ಕೇ ಈ ಜಗಳ ಬೇಗ ತೀರುವುದಿಲ್ಲ.

ಅದೇ ಊರಿನ ಇನ್ನೊಂದು ಲೇಬಲ್ ಕ್ಯಾಶ್ ಮನಿ. ಬರ್ಡ್‌ಮ್ಯಾನ್ ಎಂಬ ರಾಪರ್ ಮತ್ತು ಅವನ ಅಣ್ಣ ಸೇರಿ ಕಟ್ಟಿದ್ದು. ನೋ ಲಿಮಿಟ್‌ನ ದಾರಿಯನ್ನೇ ಹಿಡಿದು 1998ರಲ್ಲಿ ಯೂನಿವರ್ಸಲ್ ಎಂಬ ದೊಡ್ಡ ಕಂಪನಿಯ ಜೊತೆ ಮಾಸ್ಟರ್ ಉಳಿಸಿಕೊಂಡು ಕರಾರು ಮಾಡಿಕೊಂಡರು. ಮೊತ್ತ 3 ಕೋಟಿ ಡಾಲರ್ ಎಂದು ಆಗ ವರದಿಯಾಗಿತ್ತು. ಅಲ್ಲಿನ ಬೀಟ್ ಎಲ್ಲ ಮ್ಯಾನಿ ಫ್ರೆಶ್ ಒಬ್ಬನದ್ದೇ. ಅವನೂ ಕೊನೆಗೆ ಹಣದ ವಿಷಯಕ್ಕೇ ಹೊರಟ. ಚಿಕ್ಕ ಹುಡುಗನಾಗಿದ್ದಾಗಲೇ ಅಲ್ಲಿಗೆ ಬಂದು, ಬರ್ಡ್‌ಮ್ಯಾನ್‌ನನ್ನು ಅಪ್ಪ ಅಂತಲೇ ಕರೆಯುತ್ತಿದ್ದ ಲಿಲ್ ವೇಯ್ನ್ 2015ರಲ್ಲಿ 5.1 ಕೋಟಿ ಡಾಲರಿಗೆ ದಾವೆ ಹೂಡಿದ. 2018ರಲ್ಲಿ ರಾಜಿ ಆಯಿತು. ಅಪ್ಪ ಮಗ ಅನ್ನುವ ಸಂಬಂಧ ಬ್ಯಾಲೆನ್ಸ್ ಶೀಟಿನಲ್ಲಿ ಯಾವ ಕಾಲಮ್ಮಿಗೂ ಬರುವುದಿಲ್ಲ.

ನೋ ಲಿಮಿಟ್‌ಗೆ ಹಣದ ತೊಂದರೆ ಮಾತ್ರ ಅಲ್ಲ. ಇದನ್ನು ಬರೆಯುವಾಗ ಸ್ವಲ್ಪ ಕಷ್ಟವಾಗುತ್ತದೆ. ಮಾಸ್ಟರ್ ಪಿಯ ಇನ್ನೊಬ್ಬ ತಮ್ಮ, ಅದೇ ಲೇಬಲ್‌ನ ರಾಪರ್, ಸಿ-ಮರ್ಡರ್ ಎಂಬ ಹೆಸರಿನಲ್ಲಿ ಹಾಡುತ್ತಿದ್ದವನು, 2002ರಲ್ಲಿ ಒಂದು ಕ್ಲಬ್ಬಿನಲ್ಲಿ 16 ವರ್ಷದ ಹುಡುಗನ ಕೊಲೆ ಆರೋಪದಲ್ಲಿ ಸಿಕ್ಕಿಬಿದ್ದ. 2003ರ ತೀರ್ಪು ರದ್ದಾಗಿ, 2009ರಲ್ಲಿ ಮತ್ತೆ ವಿಚಾರಣೆ ನಡೆದು ಜೀವಾವಧಿ ಶಿಕ್ಷೆ ಆಯಿತು. ತಾನು ಮಾಡಿಲ್ಲ ಎಂದೇ ಅವನು ಹೇಳುತ್ತಾ ಬಂದಿದ್ದಾನೆ. ಇನ್ನೊಬ್ಬ ಮ್ಯಾಕ್. ಆ ಲೇಬಲ್‌ನಲ್ಲಿ ಸಾಹಿತ್ಯ ಬರೆಯುವುದರಲ್ಲಿ ಎಲ್ಲರಿಗಿಂತ ಮೇಲೆ ಇದ್ದವನು ಅಂತ ನನ್ನ ಕಿವಿ ಹೇಳುತ್ತದೆ. 2000ದಲ್ಲಿ ಒಂದು ಕಾರ್ಯಕ್ರಮದಲ್ಲಿ ನಡೆದ ಗುಂಡಿನ ದಾಳಿಗೆ ಅವನನ್ನು ಹಿಡಿದರು. ನಾನೇ ಮಾಡಿದ್ದು ಅಂತ ಇನ್ನೊಬ್ಬ ಒಪ್ಪಿಕೊಂಡಿದ್ದರೂ ಕೇಸ್ ನಿಂತಿತು. ಕೋರ್ಟಿನಲ್ಲಿ ಪ್ರಾಸಿಕ್ಯೂಷನ್‌ನವರು ಅವನ ಹಾಡಿನ ಸಾಲುಗಳನ್ನೇ ಓದಿದರು. 30 ವರ್ಷ ಶಿಕ್ಷೆ. 2021ರಲ್ಲಿ ಗವರ್ನರ್ ಶಿಕ್ಷೆ ಕಡಿಮೆ ಮಾಡಿ ಬಿಡುಗಡೆ ಆಯಿತು, ಅಷ್ಟರಲ್ಲಿ 20 ವರ್ಷ ಹೋಗಿತ್ತು. ವೇದಿಕೆಯಲ್ಲಿ ಮಹಿಷಾಸುರನ ವೇಷ ಹಾಕಿ ಆರ್ಭಟಿಸಿದವರ ಅರ್ಥಗಾರಿಕೆಯನ್ನು ಯಾರೂ ಪೊಲೀಸ್ ಸ್ಟೇಷನ್ನಿಗೆ ತೆಗೆದುಕೊಂಡು ಹೋಗುವುದಿಲ್ಲ. ರಾಪರ್‌ಗೆ ಆ ರಿಯಾಯಿತಿ ಸಿಗಲಿಲ್ಲ.

ಮಿಸ್ಟಿಕಲ್ ಹೋದ, ಸ್ನೂಪ್ ಮೂರು ಆಲ್ಬಂ ಮುಗಿಸಿ ಹೋದ. 2003ರ ಡಿಸೆಂಬರ್‌ನಲ್ಲಿ ನೋ ಲಿಮಿಟ್ ರೆಕಾರ್ಡ್ಸ್ ದಿವಾಳಿ ಕೋರ್ಟಿಗೆ ಅರ್ಜಿ ಹಾಕಿತು. ಫೋರ್ಬ್ಸ್ ಪಟ್ಟಿಗೂ ಇದಕ್ಕೂ ನಡುವೆ ಐದು ವರ್ಷ. ಮಾಸ್ಟರ್ ಪಿ ಸ್ವತಃ ಬೀದಿಗೆ ಬರಲಿಲ್ಲ, ಬೇರೆ ವ್ಯಾಪಾರಗಳು ಇದ್ದವು, ಮಗನನ್ನೂ ಹಾಡಿಗೆ ಇಳಿಸಿದ್ದ. ಬಿದ್ದದ್ದು ಲೇಬಲ್.

ಬೇರೆ ಲೇಬಲ್‌ಗಳ ಕಥೆಯಲ್ಲಿ ಒಂದೆರಡನ್ನು ಮಾತ್ರ ಹುಡುಗರಿಗೆ ಹೇಳಿದೆ. ಈಜಿ-ಇ ಎಂಬ ರಾಪರ್ 1987ರಲ್ಲಿ ಕಾಂಪ್ಟನ್‌ನಲ್ಲಿ ರೂತ್‌ಲೆಸ್ ರೆಕಾರ್ಡ್ಸ್ ಶುರು ಮಾಡಿದ. ಅಲ್ಲಿ ಸಾಹಿತ್ಯದ ದೊಡ್ಡ ಪಾಲು ಬರೆದವನು ಐಸ್ ಕ್ಯೂಬ್. 75,000 ಡಾಲರಿನ ಚೆಕ್ ಜೊತೆ ಕರಾರು ಮುಂದಿಟ್ಟಾಗ ನನ್ನ ವಕೀಲರಿಗೆ ತೋರಿಸದೆ ಸಹಿ ಹಾಕುವುದಿಲ್ಲ ಅಂದ. 1989ರ ಕೊನೆಗೆ ಹೊರಟೇಬಿಟ್ಟ. ಹುಡುಗರಿಗೆ ಈ ಕಥೆ ಸಿನಿಮಾದಿಂದ ಮೊದಲೇ ಗೊತ್ತಿತ್ತು, ಜಗಳದ ಸೀನ್ ಮಾತ್ರ ನೆನಪಿತ್ತು, ವಕೀಲರು ನೆನಪಿರಲಿಲ್ಲ. ಇನ್ನೊಂದು ರಾಕ್-ಅ-ಫೆಲ್ಲಾ. ಜೇ-ಝಿ, ಡೇಮನ್ ಡ್ಯಾಶ್, ಕರೀಮ್ ಬರ್ಕ್, ತಲಾ ಮೂರನೇ ಒಂದು ಪಾಲು. ಯಾರೂ ಕರಾರು ಕೊಡದಾಗ ತಾವೇ ಲೇಬಲ್ ಕಟ್ಟಿ 1996ರಲ್ಲಿ ಜೇ-ಝಿಯ ಮೊದಲ ಆಲ್ಬಂ ತಂದರು. ಸ್ನೇಹ 2004ರ ಹೊತ್ತಿಗೆ ಮುರಿಯಿತು. ಡ್ಯಾಶ್ ಸಾಲ, ತೆರಿಗೆ ಬಾಕಿಯಲ್ಲಿ ಮುಳುಗಿ, 2024ರ ನವೆಂಬರ್‌ನಲ್ಲಿ ಅವನ ಮೂರನೇ ಒಂದು ಪಾಲು ಹರಾಜಿಗೆ ಬಂತು. ಕೊಂಡವರು ಯಾರು ಗೊತ್ತಾ? ನ್ಯೂಯಾರ್ಕ್ ರಾಜ್ಯ ಸರ್ಕಾರ. 10 ಲಕ್ಷ ಡಾಲರಿಗೆ. ಒಂದು ಹಿಪ್-ಹಾಪ್ ಲೇಬಲ್‌ನಲ್ಲಿ ತೆರಿಗೆ ಇಲಾಖೆ ಪಾಲುದಾರ. ನಮ್ಮ ಆಫೀಸಿನಲ್ಲಿ ಇದನ್ನು ಹೇಳಿದಾಗ ಯಾವತ್ತೂ ನಗದ ನಮ್ಮ ಸೀನಿಯರ್ ಕೂಡ ನಕ್ಕರು.

ನಮ್ಮ ದೇಶದಲ್ಲೂ ಇದು ಶುರುವಾಗಿ ಕೆಲವು ವರ್ಷ ಆಯಿತು. ಮುಂಬೈಯ ಡಿವೈನ್ 2019ರಲ್ಲಿ ಗಲ್ಲಿ ಗ್ಯಾಂಗ್ ಎಂಬ ತನ್ನದೇ ಕಂಪನಿ ಮಾಡಿದ. ದೆಹಲಿಯಲ್ಲಿ ರಫ್ತಾರ್ ಕಲಂಕಾರ್ ಎಂಬ ಲೇಬಲ್ ಶುರು ಮಾಡಿದ. ಕನ್ನಡದಲ್ಲಿ ಆಲ್ ಓಕೆಯಂಥವರು ಯೂಟ್ಯೂಬ್ ಚಾನೆಲ್ ಹಿಡಿದುಕೊಂಡೇ ಬೆಳೆದರು. ಈಗ ಡಿಕ್ಕಿಯಲ್ಲಿ ಕ್ಯಾಸೆಟ್ ಹೊರಬೇಕಾಗಿಲ್ಲ, ಒಂದು ಡಿಸ್ಟ್ರಿಬ್ಯೂಟರ್ ಆ್ಯಪ್‌ನಲ್ಲಿ ಹಾಕಿದರೆ ಹಾಡು ಎಲ್ಲ ಕಡೆ ಹೋಗುತ್ತದೆ. ಸುಲಭ ಆಯಿತು ಅಂತ ಅನ್ನಿಸುತ್ತದೆ. ಆದರೆ ಯಾರದು ಏನು ಅನ್ನುವ ಪ್ರಶ್ನೆ ಎಲ್ಲಿತ್ತೋ ಅಲ್ಲೇ ಉಂಟು. ಅಕ್ಕನ ಮಗನ ತಂಡ ಮೊದಲು ಇಂಟರ್ನೆಟ್ಟಿನಲ್ಲಿ ಸಿಗುವ ಫ್ರೀ ಬೀಟ್ ಮೇಲೆ ಹಾಡಿತ್ತು. ಹಾಡು ಸ್ವಲ್ಪ ಓಡತೊಡಗಿದ ಕೂಡಲೇ ಬೀಟ್‌ನ ಮಾಲೀಕರ ಕಡೆಯಿಂದ ಕ್ಲೈಮ್ ಬಂತು, ಬಂದ ಚಿಲ್ಲರೆಯೂ ಅತ್ತ ಹೋಯಿತು. ಆಮೇಲೆ ಕಿನ್ನಿಗೋಳಿಯ ಒಬ್ಬ ಹುಡುಗ ಸಿಕ್ಕಿದ. ಡಿಪ್ಲೊಮಾ ಓದಿ ಮೊಬೈಲ್ ಅಂಗಡಿಯಲ್ಲಿ ಕೆಲಸ, ರಾತ್ರಿ ಲ್ಯಾಪ್‌ಟಾಪಿನಲ್ಲಿ ಬೀಟ್. ಹುಲಿವೇಷದ ತಾಸೆಯ ಪೆಟ್ಟನ್ನು ಅವನು ತಂದು ಕೂರಿಸಿದ ರೀತಿ ಕೇಳಿದರೆ ನನಗೂ ಕಾಲು ಕುಣಿಯುತ್ತದೆ. ಈಗ ಇವರ ಎಲ್ಲ ಹಾಡಿಗೂ ಬೀಟ್ ಅವನದ್ದೇ.

ಲೇಬಲ್‌ನ ಪಾಲುದಾರರ ಪಟ್ಟಿಯಲ್ಲಿ ಅವನ ಹೆಸರು ಇರಲಿಲ್ಲ.

ಯಾಕೆ ಅಂತ ಕೇಳಿದೆ. "ಅವನು ಬರೀ ಬೀಟ್ ಮಾಡ್ತಾನೆ ಚಿಕ್ಕಮ್ಮ, ಹಾಡುವುದು ನಾವಲ್ವಾ" ಅಂತ ಇವನ ಸ್ನೇಹಿತ. ಅವನೂ ನನ್ನನ್ನು ಚಿಕ್ಕಮ್ಮ ಅಂತಲೇ ಕರೆಯುವುದು. ಆಗ ಕಾನೂನು ಪುಸ್ತಕ ತೆಗೆದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಒಂದು ಹಾಡಿನೊಳಗೆ ಮೂರು ಹಕ್ಕು ಉಂಟು. ಸಾಹಿತ್ಯ ಬರೆದವರದ್ದು, ಸಂಗೀತ ಕಟ್ಟಿದವರದ್ದು, ಧ್ವನಿಮುದ್ರಣದ್ದು. ಧ್ವನಿಮುದ್ರಣದ ಹಕ್ಕು ಅದನ್ನು ಮಾಡಿಸಿದ ನಿರ್ಮಾಪಕರಿಗೆ, ಅಂದರೆ ಇಲ್ಲಿ ಲೇಬಲ್‌ಗೆ, 60 ವರ್ಷ. ಆದರೆ ಬೀಟ್ ಕಟ್ಟಿದವನು ಸಂಗೀತದ ಕರ್ತೃ. 2012ರ ತಿದ್ದುಪಡಿಯ ನಂತರ ಸಾಹಿತ್ಯ, ಸಂಗೀತದ ಕರ್ತೃಗಳು ತಮ್ಮ ರಾಯಲ್ಟಿ ಪಾಲನ್ನು ಬೇಡ ಅಂತ ಬರೆದುಕೊಟ್ಟರೂ ಅದು ನಡೆಯುವುದಿಲ್ಲ. ಹಕ್ಕು ಬಿಟ್ಟುಕೊಡುವ ಕರಾರು ಬರಹದಲ್ಲೇ ಇರಬೇಕು, ಸಹಿ ಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದೇ ವರ್ಷ. ಯಾವ ಜಾಗಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ನಮ್ಮವರು ಸಂಜೆ ಹೊತ್ತು ವಾಟ್ಸಾಪಿನಲ್ಲಿ "ಬೀಟ್ ಕಳಿಸು ಬ್ರೋ" ಅಂತ ಹಾಕಿ ತರಿಸಿಕೊಂಡದ್ದಕ್ಕೆ ಇದರಲ್ಲಿ ಯಾವ ಜಾಗವೂ ಇಲ್ಲ.

ಇನ್ನೊಂದನ್ನೂ ಹೇಳಿದೆ. 1932ರ ಪಾಲುದಾರಿಕೆ ಕಾಯ್ದೆಯಲ್ಲಿ ಪಾಲು ಎಷ್ಟು ಅಂತ ಬರೆದಿಲ್ಲದಿದ್ದರೆ ಲಾಭ ನಷ್ಟ ಎಲ್ಲರಿಗೂ ಸಮ. ಸಾಲ ಆದರೆ ಮನೆಯ ಸ್ವತ್ತಿಗೂ ಬರುತ್ತದೆ. ಇಲ್ಲಿ ಹಾಡುವ ಮೂವರೂ ಒಂದು ಸಲ ಮುಖ ಮುಖ ನೋಡಿಕೊಂಡರು. ಜಿಎಸ್‌ಟಿ ಬಗ್ಗೆ ತಲೆಬಿಸಿ ಬೇಡ, ವರ್ಷಕ್ಕೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ರಿಜಿಸ್ಟ್ರೇಷನ್ ಬೇಕಾಗುವುದಿಲ್ಲ, ನೀವು ಸದ್ಯಕ್ಕೆ ಅದರ ಹತ್ತಿರವೂ ಇಲ್ಲ ಅಂದೆ. ಅದಕ್ಕೆ ಸ್ವಲ್ಪ ಬೇಸರ ಆಯಿತು ಅವರಿಗೆ.

ಕಿನ್ನಿಗೋಳಿಯ ಹುಡುಗನನ್ನು ಕರೆಸದೆ ಡೀಡ್ ಟೈಪ್ ಮಾಡುವುದಿಲ್ಲ ಅಂತ ಕೂತೆ. ಒಂದು ಭಾನುವಾರ ಬಂದ. ಮಾತು ಕಡಿಮೆ. ಗೋಳಿಬಜೆ ಇಟ್ಟರೆ ಒಂದೇ ತೆಗೆದುಕೊಂಡ. ನಾನು ಬರೆದಿಟ್ಟ ಕರಡನ್ನು ಎಲ್ಲರೂ ಪಾಲಿನ ಶೇಕಡಾ ಎಷ್ಟು ಅಂತ ಮಾತ್ರ ನೋಡಿದ್ದರು, ಇವನು ಒಂದನೇ ಸಾಲಿನಿಂದ ಓದಿದ. ಓದಿ ಮುಗಿಸಿ ಕೇಳಿದ್ದು ಪಾಲಿನ ಬಗ್ಗೆ ಅಲ್ಲ. "ನಾನು ಬೇರೆಯವರಿಗೂ ಬೀಟ್ ಕೊಡಬಹುದಾ ಆಂಟಿ?" ಅಂದ. ಮೂವರೂ ಒಟ್ಟಿಗೆ ಇಲ್ಲ ಅಂದರು. "ಹಾಗಾದ್ರೆ ನೀವು ಬೇರೆಯವರ ಬೀಟ್ ಮೇಲೆ ಹಾಡಬಹುದಾ?" ಅಂತ ಕೇಳಿದ. ಅದು ಕರಡಿನಲ್ಲಿ ಇರಲಿಲ್ಲ, ನನಗೂ ಹೊಳೆದಿರಲಿಲ್ಲ.

ಆ ಕಲಂ ಈಗ ಸೇರಿದೆ, ಎರಡೂ ಕಡೆಗೆ ಒಂದೇ ನಿಯಮ. ಲೇಬಲ್ ಮುಚ್ಚಿದರೆ ಬೀಟ್‌ನ ಫೈಲ್‌ಗಳು ಅವನಿಗೇ ವಾಪಸ್ ಅಂತ ಇನ್ನೊಂದನ್ನು ನಾನೇ ಸೇರಿಸಿದೆ. ಪಾಲಿನ ವಿಷಯ ಮಾತ್ರ ನಿಂತಿದೆ. ಅವನು ನೂರಕ್ಕೆ 25 ಕೇಳುತ್ತಾನೆ, ನಾಲ್ಕು ಜನರಲ್ಲಿ ಸಮ ಪಾಲು. ಇವರು 15 ಅನ್ನುತ್ತಾರೆ. ಶನಿವಾರ ಮತ್ತೆ ಕೂರುತ್ತಾರಂತೆ. ತೀರ್ಮಾನ ಆದರೆ ಸೋಮವಾರ ಇ-ಸ್ಟಾಂಪ್ ತೆಗೆಸುತ್ತೇನೆ. ಆಗದಿದ್ದರೆ ಬೇರೆ ಯಾರನ್ನಾದರೂ ನೋಡಿಕೊಳ್ಳಲಿ ಅಂತ ಅಕ್ಕನಿಗೆ ಫೋನ್ ಮಾಡಿ ಹೇಳಿಯೂ ಆಗಿದೆ.